ಒಬ್ಬರ ಗಾಯ, ಇನ್ನೊಬ್ಬರ ಸರದಿ

ಐಪಿಎಲ್ ನಡೆಯುವ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದಿಂದ ಪಾಳಿ ಮುಗಿಸಿ ಬರುವ ಹುಡುಗರು ಟೀ ಅಂಗಡಿ ಮುಂದೆ ನಿಂತು ಒಬ್ಬರನ್ನೊಬ್ಬರು ಕೇಳುತ್ತಾರೆ: ‘ಇವತ್ತು ಹೇಜಲ್‌ವುಡ್ ಆಡ್ತಾನೇನ್ಲಾ?’ ಕೈಯಲ್ಲಿ ಮೊಬೈಲು, ಅದರೊಳಗೆ ಅರ್ಧ ಕಟ್ಟಿದ ಫ್ಯಾಂಟಸಿ ತಂಡ: ನಿಜವಾದ ಆಟಗಾರರನ್ನು ಆರಿಸಿ, ಮೈದಾನದಲ್ಲಿ ಅವರು ಆಡಿದಂತೆ ಅಂಕ ಪಡೆಯುವ ಆಟ. ಪ್ರಶ್ನೆ ಸರಿಯಾದದ್ದೇ. ಆದರೆ ಉತ್ತರ ಬೇಕೆಂದರೆ ಆಗಿರುವ ಗಾಯ ಯಾವುದು, ಪಂದ್ಯಕ್ಕೆ ಇನ್ನೆಷ್ಟು ದಿನವಿದೆ, ಆತ ತಂಡದಲ್ಲಿ ಮಾಡುತ್ತಿದ್ದ ಕೆಲಸ ಈಗ ಯಾರ ಪಾಲಿಗೆ ಬರುತ್ತದೆ ಎಂಬುದೆಲ್ಲ ಗೊತ್ತಿರಬೇಕು. ನಮ್ಮ ಮಾತು ಸಾಮಾನ್ಯವಾಗಿ ಗಾಯದ ಸುದ್ದಿಗೇ ನಿಂತುಬಿಡುತ್ತದೆ. ಕೆಲಸ ಯಾರ ಪಾಲಿಗೆ ಎಂಬುದನ್ನು ಕೇಳದಿದ್ದರೆ ಉಳಿದ ಲೆಕ್ಕವೆಲ್ಲ ದಂಡ ಎಂದೇ ನನ್ನ ಅಭಿಪ್ರಾಯ.

2025ರ ಆರ್‌ಸಿಬಿಯನ್ನೇ ನೋಡಿ. ಮೇ ಮೊದಲ ವಾರದಲ್ಲಿ ದೇವದತ್ತ ಪಡಿಕ್ಕಲ್ ಅವರ ಬಲಗಾಲಿನ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯು, ಕೈಕೊಟ್ಟಿತು. 10 ಪಂದ್ಯಗಳಲ್ಲಿ 247 ರನ್ ಗಳಿಸಿದ್ದವರ ಟೂರ್ನಿ ಅಲ್ಲಿಗೇ ಮುಗಿಯಿತು. ಹರಾಜಿನಲ್ಲಿ ಯಾರೂ ಕೊಳ್ಳದೆ ಬಿಟ್ಟಿದ್ದ ಮಯಂಕ್ ಅಗರವಾಲ್ 1 ಕೋಟಿ ರೂಪಾಯಿಗೆ ತಂಡಕ್ಕೆ ಬಂದರು. ಅದೇ ವೇಳೆಗೆ ನಾಯಕ ರಜತ್ ಪಾಟೀದಾರ್ ಬೆರಳಿಗೆ ಪೆಟ್ಟಾಗಿತ್ತು, ವೇಗದ ಬೌಲರ್ ಹೇಜಲ್‌ವುಡ್ ಭುಜದ ನೋವಿನಿಂದ ಹೊರಗಿದ್ದರು. ಮೇ 27ರಂದು ಲಖನೌದಲ್ಲಿ 228 ರನ್ನುಗಳ ಗುರಿ ಎದುರಿಗಿತ್ತು. ನಾಯಕತ್ವ ವಹಿಸಿದ್ದ ಜಿತೇಶ್ ಶರ್ಮ 33 ಎಸೆತಗಳಲ್ಲಿ 85, ಮಯಂಕ್ 23 ಎಸೆತಗಳಲ್ಲಿ 41 ರನ್ ಗಳಿಸಿ ಇಬ್ಬರೂ ಔಟಾಗದೆ ಪಂದ್ಯ ಮುಗಿಸಿದರು. ಆ ದಿನ ಪಾಟೀದಾರ್ ಆಡಲಿಲ್ಲವೇ? ಆಡಿದರು, ಇಂಪ್ಯಾಕ್ಟ್ ಆಟಗಾರನಾಗಿ. ಪಂದ್ಯದ ನಡುವೆ ಒಬ್ಬನ ಬದಲು ಇನ್ನೊಬ್ಬನನ್ನು ಇಳಿಸಲು ಬಿಡುವ, 2023ರಲ್ಲಿ ಬಂದ ಈ ನಿಯಮದಿಂದ, ಫೀಲ್ಡಿಂಗ್ ಮಾಡಲಾಗದ ಬೆರಳಿದ್ದರೂ ಬ್ಯಾಟು ಹಿಡಿಯುವಷ್ಟು ಶಕ್ತಿ ಇದ್ದವನನ್ನು ಬಳಸಿಕೊಳ್ಳಬಹುದು. ಟಾಸ್ ವೇಳೆಯ ಹನ್ನೊಂದರಲ್ಲಿ ಹೆಸರಿಲ್ಲವೆಂದು ಅಂಥವನನ್ನು ಕೈಬಿಟ್ಟರೆ ಲೆಕ್ಕ ತಪ್ಪುತ್ತದೆ. ಎರಡು ದಿನ ಕಳೆದು ಮೊದಲ ಕ್ವಾಲಿಫೈಯರ್‌ಗೆ ಮರಳಿದ ಹೇಜಲ್‌ವುಡ್ 21 ರನ್ ಕೊಟ್ಟು 3 ವಿಕೆಟ್ ಕಿತ್ತರು. ಪಂಜಾಬ್ 101ಕ್ಕೆ ಆಲೌಟ್.

ಗಾಯಗಳೆಲ್ಲ ಒಂದೇ ಅಲ್ಲ. ಹ್ಯಾಮ್‌ಸ್ಟ್ರಿಂಗ್ ಸ್ವಲ್ಪ ಎಳೆದಿದ್ದರೆ ಎರಡು ಮೂರು ವಾರದಲ್ಲಿ ವಾಸಿಯಾಗಬಹುದು, ನಾರುಗಳು ಪೂರ್ತಿ ಹರಿದಿದ್ದರೆ ತಿಂಗಳುಗಳೇ ಬೇಕು. ಇನ್ನೂ ದೊಡ್ಡ ತೊಡಕೆಂದರೆ, ನೋವು ಹೋದ ಮಾತ್ರಕ್ಕೆ ಸ್ನಾಯು ಗಟ್ಟಿಯಾಯಿತೆಂದಲ್ಲ. ಮರಳಿದ ಮೊದಲ ಕೆಲವು ವಾರಗಳಲ್ಲಿ ಅದೇ ಜಾಗ ಮತ್ತೆ ಹರಿಯುವ ಅಪಾಯ ಹೆಚ್ಚು. ಹಾಗಾಗಿ ‘ಫಿಟ್’ ಎಂದು ಕೇಳಿದ ಮೊದಲ ದಿನವೇ ವೇಗದ ಬೌಲರ್‌ನನ್ನು ನಿಮ್ಮ ಫ್ಯಾಂಟಸಿ ತಂಡದ ನಾಯಕನನ್ನಾಗಿ ಮಾಡುವುದು ಅವಸರ. ಬೆನ್ನುಮೂಳೆಯಲ್ಲಿ ಒತ್ತಡದಿಂದ ಬಿರುಕು ಬಿಟ್ಟರಂತೂ ಇಡೀ ಹಂಗಾಮನ್ನೇ ಮರೆಯಬೇಕು.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಈ ಮಾಹಿತಿಗೆ ಒಂದು ಕಟ್ಟುಪಾಡು ಇದೆ. ಅಲ್ಲಿ ಬಹುತೇಕ ಪಂದ್ಯಗಳು ಭಾನುವಾರ. ಗಾಯಾಳುಗಳಲ್ಲಿ ಯಾರು ಪೂರ್ತಿ ಅಭ್ಯಾಸ ಮಾಡಿದರು, ಯಾರು ಅರ್ಧಂಬರ್ಧ, ಯಾರು ಮೈದಾನಕ್ಕೇ ಇಳಿಯಲಿಲ್ಲ ಎಂದು ಪ್ರತಿ ತಂಡವೂ ಬುಧವಾರ, ಗುರುವಾರ, ಶುಕ್ರವಾರ ಪ್ರಕಟಿಸಲೇಬೇಕು. ಶುಕ್ರವಾರ ಅಂತಿಮ ಷರಾ: ಆಡುವುದು ಖಚಿತವಿಲ್ಲ, ಆಡುವುದು ಅನುಮಾನ, ಆಡುವುದಿಲ್ಲ. ಬುಧವಾರ ವಿಶ್ರಾಂತಿಯಲ್ಲಿದ್ದವನು ಶುಕ್ರವಾರ ಪೂರ್ತಿ ಅಭ್ಯಾಸ ಮಾಡಿದ್ದರೆ ಒಳ್ಳೆಯ ಲಕ್ಷಣ; ಬುಧವಾರ ಅಭ್ಯಾಸ ಮಾಡಿ ಶುಕ್ರವಾರ ಕೂತಿದ್ದರೆ ಕೆಟ್ಟ ಲಕ್ಷಣ. ಅಲ್ಲಿನ ಫ್ಯಾಂಟಸಿ ಆಟಗಾರರು ವಾರವಿಡೀ ಈ ಏರಿಳಿತವನ್ನೇ ಓದುತ್ತಾರೆ, ವಾರದ ನಡುವೆ ಯಾರ ತಂಡದಲ್ಲೂ ಇಲ್ಲದ ಬದಲಿ ಆಟಗಾರರನ್ನು ಹೆಕ್ಕಿಕೊಳ್ಳುತ್ತಾರೆ. ಇಂಥ ಕಡ್ಡಾಯ ವರದಿ ಐಪಿಎಲ್‌ನಲ್ಲಿಲ್ಲ. ಕೋಚ್ ಹೇಳಿದ ಒಂದು ಮಾತು, ಅಭ್ಯಾಸದ ಒಂದು ವಿಡಿಯೊ, ಕೊನೆಗೆ ಪಂದ್ಯಕ್ಕೆ ಅರ್ಧ ಗಂಟೆ ಮೊದಲು ಟಾಸ್. ನಡುವಿನ ಜಾಗವನ್ನೆಲ್ಲ ಗಾಳಿಸುದ್ದಿ ತುಂಬುತ್ತದೆ. ಒಳಗಿನ ಸುದ್ದಿ ಕೆಲವರಿಗೆ ಮಾತ್ರ ಸಿಗುವುದು ಕ್ರಿಕೆಟ್ಟಿಗೆ ಎಷ್ಟು ಅಪಾಯ ಎಂಬುದನ್ನು ನಾವು ಹಿಂದೆ ಬೆಟ್ಟಿಂಗ್ ಹಗರಣಗಳಲ್ಲಿ ಕಂಡಿದ್ದೇವೆ. ಬಿಸಿಸಿಐ ಇಂಥದ್ದೊಂದು ದೈನಂದಿನ ವರದಿಯನ್ನು ಕಡ್ಡಾಯ ಮಾಡಬೇಕು.

ಈಗ ಬದಲಿ ಆಟಗಾರರ ವಿಷಯ. ಗಾಯಾಳುವಿನ ಬದಲು ಬರುವವನಿಗೆ ಆ ಗಾಯಾಳುವಿನ ಬೆಲೆಗಿಂತ ಹೆಚ್ಚು ಕೊಡುವಂತಿಲ್ಲ. ಹೊರಹೋದವನು ಆ ಸಲ ಮತ್ತೆ ಆಡುವಂತಿಲ್ಲ. ಆದರೆ ಬ್ಯಾಟರ್ ಬದಲು ಬ್ಯಾಟರೇ ಬರಬೇಕೆಂದೇನೂ ಇಲ್ಲ, ನಾವು ಎಡವುವುದು ಇಲ್ಲೇ. 2011ರಲ್ಲಿ ವೇಗದ ಬೌಲರ್ ಡರ್ಕ್ ನ್ಯಾನಸ್ ಗಾಯಗೊಂಡಾಗ ಆರ್‌ಸಿಬಿಗೆ ಬಂದವರು ಕ್ರಿಸ್ ಗೇಲ್. ಮೊದಲ ಪಂದ್ಯದಲ್ಲೇ ಶತಕ, ಟೂರ್ನಿ ಮುಗಿಯುವಾಗ 608 ರನ್. 2022ರಲ್ಲಿ ಕರ್ನಾಟಕದ ವಿಕೆಟ್ ಕೀಪರ್ ಲವನೀತ್ ಸಿಸೋಡಿಯಾ ಗಾಯಗೊಂಡರು. ಹರಾಜಾಗದೆ ಉಳಿದಿದ್ದ ಪಾಟೀದಾರ್ 20 ಲಕ್ಷಕ್ಕೆ ಬಂದು ಎಲಿಮಿನೇಟರ್‌ನಲ್ಲಿ 54 ಎಸೆತಗಳಲ್ಲಿ ಅಜೇಯ 112 ಹೊಡೆದರು. ಮರುವರ್ಷ ಪಾಟೀದಾರ್ ಅವರಿಗೇ ಹಿಮ್ಮಡಿ ಗಾಯ. ಅವರ ಜಾಗಕ್ಕೆ ಬಂದದ್ದು ನಮ್ಮ ವೇಗದ ಬೌಲರ್ ವೈಶಾಖ ವಿಜಯಕುಮಾರ್. ಚಿನ್ನಸ್ವಾಮಿಯಲ್ಲಿ ಡೆಲ್ಲಿ ವಿರುದ್ಧದ ಮೊದಲ ಪಂದ್ಯದಲ್ಲೇ 20 ರನ್ನಿಗೆ 3 ವಿಕೆಟ್.

ಅಂದರೆ, ಗಾಯಾಳುವಿನ ಹೆಸರಿನ ಮುಂದೆ ಬರೆದ ಹೊಸ ಹೆಸರು ಒಂದು, ಗಾಯಾಳುವಿನ ಕೆಲಸಕ್ಕೆ ಇಳಿಯುವವನು ಇನ್ನೊಬ್ಬ ಆಗಿರಬಹುದು. ಇದು ತಂಡದ ಪಟ್ಟಿಯ ಮಾತು; ಆಡುವ ಹನ್ನೊಂದರ ಬಳಗದಲ್ಲಿ ಲೆಕ್ಕ ಬೇರೆ. ಜೋಡಿಯಲ್ಲಿ ಒಂದು ಎತ್ತು ಕುಂಟಿದರೆ ರೈತ ಹಟ್ಟಿಯ ದೊಡ್ಡ ಎತ್ತನ್ನೇ ಹುಡುಕುವುದಿಲ್ಲ, ಆ ನೊಗಕ್ಕೆ ಹೊಂದುವುದನ್ನು ಕಟ್ಟುತ್ತಾನೆ. ಕೊನೆಯ ನಾಲ್ಕು ಓವರ್ ಎಸೆಯುವವನು ಕೂತರೆ ಆ ಓವರ್ ಯಾರಿಗೆ? 3ನೇ ಕ್ರಮಾಂಕ ಖಾಲಿಯಾದರೆ ಯಾರು ಮೇಲೆ ಬರುತ್ತಾರೆ? ಹೆಚ್ಚು ಎಸೆತ ಸಿಗುವವನಿಗೆ ಹೆಚ್ಚು ಅಂಕದ ಅವಕಾಶ. ಫ್ಯಾಂಟಸಿಯಲ್ಲಿ ಆರಿಸಿಕೊಳ್ಳಬೇಕಾದವನು ಅವನೇ, ಹೆಸರು ಸಣ್ಣದಿದ್ದರೂ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು, ಫ್ಯಾಂಟಸಿ ಆ್ಯಪ್ ಡ್ರೀಮ್11 ತನ್ನ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ಇದು ಒಳ್ಳೆಯದಾಯಿತೆಂದು ನಾನು ಭಾವಿಸುತ್ತೇನೆ. ಸಂಬಳದ ದುಡ್ಡನ್ನು ಅಪರಿಚಿತನೊಬ್ಬನ ತೊಡೆಯ ಸ್ನಾಯುವಿನ ಮೇಲೆ ಕಟ್ಟಿದಾಗ ಆತನ ನೋವು ನಮಗೆ ಲಾಭ-ನಷ್ಟವಾಗಿ ಮಾತ್ರ ಕಾಣುತ್ತದೆ. ಗೆಳೆಯರ ನಡುವೆ ದುಡ್ಡಿಲ್ಲದೆ ತಂಡ ಕಟ್ಟಿ ಆಡುವಾಗ ಆಟದ ಒಳಸುಳಿ ಹೆಚ್ಚು ತಿಳಿಯುತ್ತದೆ, ಆಟಗಾರನ ಪಾಡೂ ತಿಳಿಯುತ್ತದೆ.

ವೇಗದ ಬೌಲರ್ ಪ್ರಸಿದ್ಧ ಕೃಷ್ಣ ಅವರನ್ನು ಅಂಕಗಳ ಪಟ್ಟಿಯಲ್ಲಷ್ಟೇ ನೋಡಿದವರಿಗೆ 2023, 2024ರ ಐಪಿಎಲ್‌ನಲ್ಲಿ ಅವರು ಕಾಣಲೇ ಇಲ್ಲ. ಮೊದಲು ಬೆನ್ನುಮೂಳೆಯ ಬಿರುಕು, ಆಮೇಲೆ ತೊಡೆಯ ಶಸ್ತ್ರಚಿಕಿತ್ಸೆ. ಅವರ ಬದಲು ಮೊದಲ ವರ್ಷ ರಾಜಸ್ಥಾನ ತಂಡಕ್ಕೆ ಬಂದ ಸಂದೀಪ್ ಶರ್ಮ, ಚೆನ್ನೈಯಲ್ಲಿ ಧೋನಿ ಕ್ರೀಸಿನಲ್ಲಿದ್ದಾಗ ಕೊನೆಯ ಓವರಿನಲ್ಲಿ 21 ರನ್ ಬೇಕಿದ್ದುದನ್ನು ತಡೆದು ಪಂದ್ಯ ಉಳಿಸಿಕೊಟ್ಟರು. ಪ್ರಸಿದ್ಧ 2025ರಲ್ಲಿ ಗುಜರಾತ್ ಪರ ಮರಳಿ 25 ವಿಕೆಟ್ ಪಡೆದರು, ಅತಿ ಹೆಚ್ಚು ವಿಕೆಟ್ ಪಡೆದವರಿಗೆ ಸಿಗುವ ಪರ್ಪಲ್ ಕ್ಯಾಪ್ ಆ ಸಲ ಅವರದೇ ಆಯಿತು.