ನಿಮ್ಮನೇಲಿ ಎಷ್ಟು ಥರದ ಲೋಟ ಅವೆ?

"ಅವ್ರು ಬೋ ಸಂಸ್ಕಾರವಂತ್ರು ಕಣವ್ವ." ಈಚೆಗೆ ನಮ್ ಕಡೆ ಸಂಬಂಧ ಕುದುರ್ಸೋರ ಬಾಯಲ್ಲಿ ಈ ಮಾತು ಜಾಸ್ತಿಯಾಗೈತೆ. ಹಿಂದೆ ಹೊಲ ಎಷ್ಟು, ದನ ಎಷ್ಟು, ಮಗ್ಗ ಎಷ್ಟು ಅಂತ ಕೇಳೋರು. ಈಗ ಹೊಲ ಸೈಟಾಗೈತೆ, ದನ ಮಾರಾಗೈತೆ, ಕೇಳಾಕೆ ಉಳಿದಿರೋದು ಸಂಸ್ಕಾರ ಒಂದೇ. ಸಂಸ್ಕಾರ ಅಂದ್ರೆ ಏನವ್ವ ಅಂತ ತಿರುಗಿಸಿ ಕೇಳಿ ನೋಡಿ. ಹುಡುಗಿ ಭರತನಾಟ್ಯ ಕಲ್ತವ್ಳೆ, ಮನೆಗೆ ಮೊಟ್ಟೆ ಕೂಡ ತರಲ್ಲ, ಮಾತು ಬೆಂಗ್ಳೂರ್ ಮಾತು, ಹಾಲು ಅಂತಾರೆ, ನಮ್ಮಂಗೆ ಆಲು ಅನ್ನಲ್ಲ. ಇಷ್ಟೇ. ಇದು ಸಂಸ್ಕಾರದ ಪಟ್ಟಿ.

ನಂಗೆ ಭರತನಾಟ್ಯದ ಮೇಲೆ ಕೋಪ ಏನಿಲ್ಲ. ಚೆಂದಾಗೇ ಇರ್ತೈತೆ. ಆದ್ರೆ ನೂರು ವರ್ಷದ ಹಿಂದೆ ಅದು ದೇವದಾಸಿಯರ ಕುಣಿತ ಅಂತ ಮರ್ಯಾದಸ್ತರು ತಮ್ಮ ಹೆಣ್ಮಕ್ಕಳನ್ನ ಅದರ ಹತ್ರಕ್ಕೂ ಬುಡ್ತಿರಲಿಲ್ಲ. ಕುಣಿಯೋರು ಬದಲಾದ್ರು, ಕುಣಿತಕ್ಕೆ ಸಂಸ್ಕಾರ ಬಂದ್ಬುಡ್ತು. ಹಂಗಾದ್ರೆ ಸಂಸ್ಕಾರ ಇದ್ದದ್ದು ಕಾಲ್ಗೆಜ್ಜೇಲೋ, ಕಟ್ಕೊಂಡೋರ ಜಾತೀಲೋ?

ಮಾತಿನ ವಿಚಾರಕ್ಕೂ ಬರಾನ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಯಾವ್ ಕಡೆ ಹೋದ್ರೂ ಹಳ್ಳಿ ಜನ ಹಬ್ಬನ ಅಬ್ಬ ಅಂತಾರೆ, ಹೋಗಿ ಬರ್ತೀನಿ ಅನ್ನೋದ್ನ ಓಗ್ಬುಟ್ ಬತ್ತೀನಿ ಅಂತಾರೆ. ಇದ್ನ ಕೇಳಿ ಕಿಸಕ್ಕಂತ ನಗೋರು ಸ್ವಲ್ಪ ಹಿಂದಕ್ಕೆ ನೋಡ್ಬೇಕು. ಪಂಪನ ಕಾಲದಲ್ಲಿ, ಅಂದ್ರೆ 10ನೇ ಶತಮಾನದಲ್ಲಿ, ಹಾಲು 'ಪಾಲ್' ಆಗಿತ್ತು, ಹೂವು 'ಪೂ' ಆಗಿತ್ತು, ಹೋಗು 'ಪೋಗು' ಆಗಿತ್ತು. ಬರ್ತಾ ಬರ್ತಾ ಪಕಾರ ಸವೆದು ಹಕಾರ ಆಯ್ತು. ಆಗಲೂ ಯಾರೋ ಪಂಡಿತರು, ಈ ಹಳ್ಳಿ ಮುಕ್ಕರು ಪಾಲನ್ನ ಹಾಲು ಅಂತಾರಲ್ಲ ಅಂತ ಮೂಗು ಮುರಿದಿರಬೇಕು. ಈಗ ಆ ಹಕಾರನೂ ಸವೀತಾ ಐತೆ. ಅಷ್ಟೇ ವಿಷ್ಯ. ಲೆಕ್ಕ ಹಾಕಿದ್ರೆ ನಾವು ಒಂದೆಜ್ಜೆ ಮುಂದಕ್ಕೇ ಇದೀವಿ. ದೇವನೂರ ಮಹಾದೇವ ನಂಜನಗೂಡು ಕಡೆ ಮಾತಲ್ಲೇ 'ಕುಸುಮಬಾಲೆ' ಬರೆದ್ರು, 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿನೂ ಬಂತು. ಆ ಮಾತು ಪ್ರಶಸ್ತಿ ವೇದಿಕೆ ಹತ್ತಬೋದು, ಸಂಬಂಧ ನೋಡಾಕೆ ಬಂದೋರ ಸೋಫಾ ಮೇಲೆ ಮಾತ್ರ ಕೂರಂಗಿಲ್ಲ.

ನಮ್ಮಜ್ಜಿಗೆ ಹೆಬ್ಬೆಟ್ಟು ಬುಟ್ರೆ ಸಹಿ ಗೊತ್ತಿರಲಿಲ್ಲ. ಆದ್ರೆ ಅವ್ರ ಬಾಯಲ್ಲಿ 'ಬಳೆ ಒಡೀತು' ಅನ್ನೋ ಮಾತು ಬರ್ತಿರಲಿಲ್ಲ, 'ಬಳೆ ಎಚ್ಚಾಯ್ತು' ಅನ್ನೋರು. ದೀಪ ಆರಿಸು ಅನ್ನೋರಲ್ಲ, ದೀಪ ದೊಡ್ಡದು ಮಾಡವ್ವ ಅನ್ನೋರು. ಹೊರಟೋರು 'ಓಯ್ತೀನಿ' ಅಂದ್ರೆ ಬಯ್ಯೋರು, 'ಬತ್ತೀನಿ' ಅನ್ನು ಅಂತ. ಮುದ್ದೆ ಇಕ್ಕುವಾಗ 'ಸಾಕಾ?' ಅಂತ ಯಾವತ್ತೂ ಕೇಳಬಾರ್ದು, ಕೇಳಿದ್ರೆ ಉಣ್ಣೋರು ನಾಚ್ಕಂಡು ಸಾಕು ಅಂದ್ಬುಡ್ತಾರೆ ಅಂತ ನಮ್ಮಮ್ಮಂಗೆ ಕಲಿಸಿದ್ದು ಅವ್ರೇ. ಎದುರಿಗಿರೋರ ಮನಸ್ಸಿಗೆ ಎಲ್ಲಿ ಮುಳ್ಳು ಚುಚ್ತದೆ ಅಂತ ಮುಂಚೇನೇ ಲೆಕ್ಕ ಹಾಕಿ ಮಾತಾಡೋದು ಅಂದ್ರೆ ಸಣ್ಣ ವಿದ್ಯೆ ಅಲ್ಲ. ಅದಕ್ಕೆ ಯಾವ ಇಸ್ಕೂಲೂ ಸರ್ಟಿಫಿಕೇಟ್ ಕೊಡಲ್ಲ.

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ನೋಡಿದೋರಿಗೆ ಗೊತ್ತಿರ್ತದೆ. ಎತ್ತಿನ ವ್ಯಾಪಾರ ಬಾಯಲ್ಲಿ ನಡೆಯಲ್ಲ, ಟವಲ್ ಕೆಳಗೆ ಬೆರಳು ಹಿಡಿದು ನಡೀತದೆ. ಸುತ್ತ ಇಪ್ಪತ್ತು ಜನ ನಿಂತಿದ್ರೂ ಇಬ್ಬರ ಮಧ್ಯೆ ಏನು ರೇಟು ಆಡಿದ್ರು ಅಂತ ಯಾರಿಗೂ ತಿಳಿಯಲ್ಲ. ದಲ್ಲಾಳಿಗಳ ಚಾಲಾಕಿ ಅದು ಅನ್ನೋರು ಅಂದ್ಕೊಳ್ಳಿ. ನಂಗೆ ಕಾಣೋದು ಬೇರೆ: ಕಷ್ಟಕ್ಕೆ ಬಿದ್ದು ಎತ್ತು ಮಾರಾಕೆ ಬಂದೋನ ಕಷ್ಟ ಎಷ್ಟು ರೂಪಾಯಿಂದು ಅಂತ ಊರಿಗೆಲ್ಲ ಗೊತ್ತಾಗ್ದಂಗೆ ಒಂದು ಟವಲ್ ಮುಚ್ಚೈತೆ.

ಇಲ್ಲಿಗೆ ನಿಲ್ಸಿದ್ರೆ ನಮ್ಮೂರೋರೆಲ್ಲ ಚಪ್ಪಾಳೆ ತಟ್ತಾರೆ. 'ನೋಡು, ನಮ್ ಹಳ್ಳಿ ಸಂಸ್ಕೃತಿ ಎಂಥದ್ದು, ಸಿಟಿಯೋರಿಗೆ ಏನ್ ಗೊತ್ತು' ಅಂತ ವಾಟ್ಸಾಪಲ್ಲಿ ಹಂಚ್ಕೊಂಡೂ ಬುಡ್ತಾರೆ. ಅದ್ಕೇ ನಿಲ್ಲಿಸ್ತಾ ಇಲ್ಲ.

ಎದುರಿಗಿರೋರ ಮನಸ್ಸು ನೋಯ್ಬಾರ್ದು ಅಂತ ಬಳೆ ಒಡೆದದ್ದಕ್ಕೂ ಬೇರೆ ಮಾತು ಹುಡುಕಿದ ಇದೇ ಮನೆಗಳ ಕೊಟ್ಟಿಗೆ ಗೋಡೆ ಸಂದೀಲಿ ಒಂದು ಅಲ್ಯುಮಿನಿಯಂ ಲೋಟ ಸಿಗಿಸಿರ್ತಿತ್ತು. ಅದಕ್ಕೂ ಮುಂಚೆ ತೆಂಗಿನ ಚಿಪ್ಪು. ಕೇರಿಯಿಂದ ಕೂಲಿಗೆ ಬಂದೋರು ಅದ್ನ ತಾವೇ ತಗೊಂಡು, ತಾವೇ ತೊಳ್ಕೊಂಡು, ಮೇಲಿಂದ ಹುಯ್ದದ್ದನ್ನ ಕುಡಿದು, ತಿರುಗಿ ತೊಳೆದು ಅಲ್ಲೇ ಸಿಗಿಸಿ ಹೋಗ್ಬೇಕಿತ್ತು. ಮುಯ್ಯಾಳು ಅಂತ ಒಬ್ರ ಹೊಲಕ್ಕೆ ಒಬ್ರು ಹೋಗಿ ನಾಟಿ ಮಾಡ್ಕೊಡ್ತಿದ್ದದ್ದು, ಸಾವಾದ ಮನೇಲಿ ಒಲೆ ಹಚ್ಚಬಾರದು ಅಂತ ಅಕ್ಕಪಕ್ಕದೋರು ಅನ್ನ ಸಾರು ತಂದು ಇಕ್ತಿದ್ದದ್ದು, ಎಲ್ಲಾ ನಿಜ, ಎಲ್ಲಾ ಚೆಂದ. ಆ ಚೆಂದಕ್ಕೆ ಒಂದು ಬೇಲಿ ಇತ್ತು. ಬೇಲಿ ಆಚೆಯೋರು ತಂದ ಅನ್ನ ನಾವು ಉಣ್ತಿರಲಿಲ್ಲ.

ಅದೆಲ್ಲ ಹಳೇ ಕಾಲ ಬುಡವ್ವ ಅಂತೀರಾ? ಹಂಗಾದ್ರೆ ಈಗಿನ ಕಾಲದ ಲೋಟದ ಕತೆ ಕೇಳಿ. ಈಗ ಅದು ಪೇಪರ್ ಲೋಟ.

ಗೃಹಪ್ರವೇಶದಲ್ಲಿ ಸಾವಿರ ಜನಕ್ಕೆ ಪೇಪರ್ ಲೋಟ ಕೊಟ್ರೆ ನಂಗೇನೂ ತಕರಾರಿಲ್ಲ, ತೊಳೆಯೋರು ಯಾರು. ನಾನು ಕೇಳ್ತಿರೋದು ಅಡುಗೆಮನೆ ಕಪಾಟಿನ ಮೂಲೇಲಿ ವರ್ಷವಿಡೀ ಇರೋ ಪ್ಯಾಕೆಟ್ಟಿನ ವಿಚಾರ. ನೆಂಟರು ಬಂದ್ರೆ ಅದು ಹೊರಗೆ ಬರಲ್ಲ, ಸ್ಟೀಲ್ ಲೋಟನೋ ಪಿಂಗಾಣಿ ಕಪ್ಪೋ ಬರ್ತದೆ. ಬ್ಯಾಂಕ್ ಮ್ಯಾನೇಜರ್ ಬಂದ್ರೂ ಬರಲ್ಲ. ಮೋರಿ ಬಿಡಿಸೋರು, ಗಾರೆ ಕೆಲಸದೋರು, ಕಸದ ಗಾಡಿಯೋರು, ಮನೆಗೆಲಸದ ಹೆಂಗಸು ಬಂದಾಗ ಬರ್ತದೆ. ಯಾಕವ್ವ ಅಂದ್ರೆ 'ಐಜೀನು' ಅಂತಾರೆ. ಮ್ಯಾನೇಜರ್ ಬಾಯಿಗೆ ಐಜೀನ್ ಬ್ಯಾಡ್ವಾ? ಚಿಪ್ಪು ಹೋಗಿ ಅಲ್ಯುಮಿನಿಯಂ ಬಂತು, ಅಲ್ಯುಮಿನಿಯಂ ಹೋಗಿ ಪೇಪರ್ ಬಂತು. ಮೊದಲು ಅವ್ರೇ ತೊಳೆದಿಡ್ಬೇಕಿತ್ತು, ಈಗ ಎಸೆದ್ರಾಯ್ತು. ಇದ್ನ ಮುಂದುವರಿದಿದ್ದು ಅಂತಾರೆ.

ನಮ್ಮನೆ ನಲ್ಲಿ ರಿಪೇರಿಗೆ ಬಂದಿದ್ದ ಹುಡುಗ ಒಬ್ಬ ಸ್ಟೀಲ್ ಲೋಟದಲ್ಲಿ ಕಾಫಿ ಕುಡಿದು, ಖಾಲಿ ಲೋಟ ಕೈಲಿ ಇಡ್ಕೊಂಡು ಹಿತ್ಲು ಕಡೆ ನೋಡ್ತಾ ನಿಂತ. 'ಎಲ್ ತೊಳೀಲಿ ಅಕ್ಕ?' ಅಂದ. ಇಪ್ಪತ್ತೈದು ವರ್ಷ ಇರಬೋದು, ಕಿವೀಲಿ ಬ್ಲೂಟೂತು, ಐಟಿಐ ಓದವ್ನೆ. ಇದ್ನ ಅವ್ನಿಗೆ ಯಾರೂ ಬಾಯಿಬಿಟ್ಟು ಹೇಳಿರಲ್ಲ. ಒಂದೊಂದು ಮನೇಲೂ ಒಂದೊಂದು ಲೋಟ ಕೊಟ್ಟು ಕೊಟ್ಟು ಕಲಿಸಿರ್ತಾರೆ.

ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ದೇವನಹಳ್ಳಿ ಸುತ್ತ ಎದ್ದಿರೋ ದೊಡ್ಡ ದೊಡ್ಡ ಅಪಾರ್ಟ್‌ಮೆಂಟಿಗೆ ನಮ್ ಕಡೆ ಹೆಂಗಸರು ಕೆಲಸಕ್ಕೆ ಹೋಗ್ತಾರೆ. ಕೆಲವು ಕಡೆ ಅವ್ರಿಗೆ ಬೇರೆ ಲಿಫ್ಟು. ಆರು ಗಂಟೆ ಕೆಲಸ ಮಾಡಿದ್ರೂ ಆ ಮನೆ ಪಾಯಿಖಾನೆ ಮುಟ್ಟಂಗಿಲ್ಲ, ತೊಳೆಯಾಕೆ ಮಾತ್ರ ಮುಟ್ಟಬೋದು. ಹಿಂಗೆ ಹೋಗಿ ಬರೋ ಒಬ್ಬಾಕೆ ನಂತಾವ ಅತ್ಕಂಡು ಹೇಳ್ಕೊಂಡ್ಲು. ಅವಳ ಸಿಟ್ಟು ನ್ಯಾಯ. ಆದ್ರೆ ಅವಳ ಸ್ವಂತ ಮನೆ ಹಿತ್ಲಲ್ಲೂ ಒಂದು ಲೋಟ ಬೇರೆ ಐತೆ ಅನ್ನೋದು ನಂಗೂ ಗೊತ್ತು, ಅವಳಿಗೂ ಗೊತ್ತು. ಮೇಲಿನೋರು ಮಾಡಿದ್ರೆ ಅವಮಾನ, ನಾವು ಮಾಡಿದ್ರೆ ಪದ್ಧತಿ. ಇದೇ ನನ್ ಜಗಳ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆನ ರದ್ದು ಮಾಡಿ ಮುಕ್ಕಾಲು ಶತಮಾನ ಆಯ್ತು. 1955ರಲ್ಲಿ ಶಿಕ್ಷೆಯ ಕಾನೂನೂ ಬಂತು. ಕಾನೂನಿನ ಭಯಕ್ಕೆ ಎಷ್ಟೋ ಹೋಟ್ಲಲ್ಲಿ ಜೋಡಿ ಲೋಟ ಹೋಯ್ತು. ಆದ್ರೆ ನಮ್ಮ ಅಡುಗೆಮನೆ ಕಪಾಟು ತೆಗೆದು ನೋಡಾಕೆ ಯಾವ ಇನ್ಸ್‌ಪೆಕ್ಟರೂ ಬರಲ್ಲ. ಕಾನೂನು ಬರದೇ ಇರೋ ಜಾಗದಲ್ಲಿ ಮನುಷ್ಯ ಹೆಂಗೆ ನಡ್ಕೋತಾನೆ ಅನ್ನೋದ್ನೇ ಅಲ್ವಾ ಸಂಸ್ಕಾರ ಅನ್ಬೇಕಾಗಿದ್ದು? ಉಳಿದದ್ದೆಲ್ಲ ದಂಡದ ಭಯ.

1973ರಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಲ್ಲಿ ಮಾತಾಡ್ತಾ, ಕನ್ನಡ ಸಾಹಿತ್ಯದಲ್ಲಿ ಬೂಸಾನೇ ಜಾಸ್ತಿ ಅನ್ನೋ ಅರ್ಥದ ಮಾತು ಆಡಿದ್ರು. ಊರೂರಲ್ಲಿ ಗಲಾಟೆ, ಕನ್ನಡಕ್ಕೆ ಅವಮಾನ ಆಯ್ತು ಅಂತ ಬೀದಿಗಿಳಿದ್ರು, ದಲಿತ ಹುಡುಗರಿಗೆ ಹೊಡೆತ ಬಿತ್ತು, ಕೊನೆಗೆ ಅವ್ರು ಮಂತ್ರಿ ಸ್ಥಾನ ಬುಡಬೇಕಾಯ್ತು. ತಲೆ ಮೇಲೆ ಮಲ ಹೊರೋ ಪದ್ಧತಿಗೆ ನಮ್ಮ ರಾಜ್ಯದಲ್ಲಿ ನಿಷೇಧ ತಂದದ್ದು ಇದೇ ಬಸವಲಿಂಗಪ್ಪನವರು. ಅಷ್ಟು ವರ್ಷ ಮನುಷ್ಯರ ತಲೆ ಮೇಲೆ ಮನುಷ್ಯರ ಹೇಲು ಹೊರಿಸಿದಾಗ ಯಾರ ಸಂಸ್ಕೃತಿಗೂ ಧಕ್ಕೆ ಆಗಿರಲಿಲ್ಲ. ಪುಸ್ತಕನ ಬೂಸಾ ಅಂದಾಗ ಆಗ್ಬುಡ್ತು. ಬೂಸಾ ಅಂದದ್ದು ಸರಿಯೋ ತಪ್ಪೋ ಅಂತ ಪಂಡಿತರು ಜಗಳ ಆಡ್ಕೊಳ್ಳಿ. ನಂಗಂತೂ ಆ ಎರಡು ವಿಷಯನ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಬೇರೆ ಪುರಾವೆ ಬೇಕಾಗಿಲ್ಲ.

ದೊಡ್ಡಬಳ್ಳಾಪುರದೋರು ಸುಸಂಸ್ಕೃತ ಮನುಷ್ಯನ್ನ ಹುಡುಕ್ಕೊಂಡು ಬೆಂಗ್ಳೂರಿಗೆ ಹೋಗ್ಬೇಕಾಗಿಲ್ಲ. ಡಿ.ಆರ್. ನಾಗರಾಜ್ ಇಲ್ಲೇ ನೇಕಾರರ ಸಮುದಾಯದಲ್ಲಿ 1954ರಲ್ಲಿ ಹುಟ್ಟಿದೋರು. ಅಲ್ಲಮನ ಬಗ್ಗೆ ಬರೆದ್ರು, ಶಿಕಾಗೋ ವಿಶ್ವವಿದ್ಯಾಲಯದ ತನಕ ಹೋಗಿ ಪಾಠ ಮಾಡಿದ್ರು, 1998ರಲ್ಲಿ 44ನೇ ವಯಸ್ಸಿಗೇ ತೀರ್ಕೊಂಡ್ರು. ದಲಿತ ಚಳವಳಿ ಬಗ್ಗೆ 1993ರಲ್ಲಿ ಅವ್ರು ಇಂಗ್ಲಿಷಲ್ಲಿ ತಂದ 'ದ ಫ್ಲೇಮಿಂಗ್ ಫೀಟ್' ಪುಸ್ತಕದಲ್ಲಿ ಗಾಂಧಿ ಅಂಬೇಡ್ಕರರನ್ನ ಎದುರುಬದುರು ಕೂರಿಸಿ ನೋಡ್ತಾರೆ: ಗಾಂಧಿದು ಮೇಲ್ಜಾತಿಯೋರ ಆತ್ಮಶುದ್ಧಿಯ ದಾರಿ, ಅಂಬೇಡ್ಕರರದ್ದು ಸ್ವಾಭಿಮಾನದ ದಾರಿ ಅಂತ. ಇದ್ನ ನನ್ನ ಅಡುಗೆಮನೆಗೆ ತಂದ್ಕೊಂಡು ಹಿಂಗೆ ತಿಳ್ಕೊಂಡಿದೀನಿ. 'ನಮ್ಮನೇಲಿ ಎಲ್ರಿಗೂ ಒಂದೇ ಲೋಟ ಕಣ್ರೀ, ನಾವು ಹಂಗೆಲ್ಲ ನೋಡಲ್ಲ' ಅಂತ ಬಂದೋರ ಮುಂದೆಲ್ಲ ಹೇಳ್ಕೊಂಡು ತಿರುಗೋದು ಆತ್ಮಶುದ್ಧಿ. ಕುಡಿಯೋನಿಗೆ ಆ ವಿಚಾರ ನೆನಪಿಗೂ ಬರದಂಗೆ ಲೋಟ ಕೈಗೆ ಸೇರ್ಬೇಕು. ನಾನು ಲೋಟ ಕೊಟ್ಟು ದೊಡ್ಡೋಳಾದೆ ಅಂದ್ರೆ ಅವ್ನು ಇಸ್ಕೊಂಡು ಚಿಕ್ಕೋನಾದ ಅಂತ್ಲೇ ಅರ್ಥ. ಅಜ್ಜಿ 'ಸಾಕಾ' ಅಂತ ಕೇಳಬೇಡ ಅಂದದ್ದು ಇದ್ಕೇ ಅಲ್ವಾ? ಆ ವಿದ್ಯೆ ನಮ್ಮತಾವ ಮೊದ್ಲಿಂದ ಐತೆ, ಬೇಲಿ ಈಚೆ ಮಾತ್ರ ಖರ್ಚು ಮಾಡ್ತಾ ಬಂದ್ವಿ.

ಇನ್ನೊಂದು. ಹಳ್ಳಿ ಬಾಯಲ್ಲಿ ಸಂಸ್ಕಾರ ಅಂದ್ರೆ ಹಳೇ ಅರ್ಥ ಹೆಣ ಎತ್ತಿ ಮಣ್ಣು ಮಾಡೋದು, ಇಲ್ಲ ಬೆಂಕಿ ಕೊಡೋದು. ಅನಂತಮೂರ್ತಿಯವರ 1965ರ 'ಸಂಸ್ಕಾರ' ಕಾದಂಬರೀಲಿ ಅಗ್ರಹಾರದ ಮಧ್ಯೆ ಒಂದು ಹೆಣ ಬಿದ್ದಿರ್ತದೆ, ಶಾಸ್ತ್ರ ಬಲ್ಲೋರು ಅದ್ನ ಯಾರು ಎತ್ಬೇಕು ಅಂತ ಹುಡುಕ್ತಾನೇ ಇರ್ತಾರೆ, ಕೊನೆಗೆ ಸತ್ತವನ ಜೊತೆಗಿದ್ದ ಚಂದ್ರಿ ಒಬ್ಬ ಸಾಬರ ನೆರವು ತಗೊಂಡು ಸುಟ್ಟು ಬರ್ತಾಳೆ. ಕತೆ ಅದು ಅಂತೀರಾ? 2021ರ ಕೊರೊನಾದಲ್ಲಿ ಬೆಂಗ್ಳೂರಲ್ಲಿ ಯಾರೂ ಬಂದು ಇಸ್ಕೊಳ್ಳದೇ ಉಳಿದ ನೂರಾರು ಜನರ ಅಸ್ಥಿನ ಸರ್ಕಾರವೇ ಕಾವೇರಿಗೆ ಬುಡಬೇಕಾಯ್ತು. ಭಯ ಇತ್ತು, ಮನೆಯೋರನ್ನ ನಾನು ಬಯ್ಯಲ್ಲ. ಆದ್ರೆ ಆ ಹೆಣಗಳನ್ನ ಮುಟ್ಟಿದ ಕೈ ಯಾರದ್ದು? ಆಂಬುಲೆನ್ಸ್ ಹುಡುಗರದ್ದು, ಸುಡುಗಾಡಿನ ಕೆಲಸಗಾರರದ್ದು. ನಾವು ಪೇಪರ್ ಲೋಟ ಎತ್ತಿಟ್ಟಿರೋದು ಇವರಿಗೇ.

'ಅವ್ರೇ ಒಳಗೆ ಬರಲ್ಲ ಕಣವ್ವ, ನಾವು ಕರೆದ್ರೂ ಬಾಗಿಲಾಚೆನೇ ನಿಲ್ತಾರೆ' ಅನ್ನೋರು ಉಂಟು. ನಿಲ್ದೆ ಏನ್ ಮಾಡ್ತಾರೆ, ಅವ್ರಪ್ಪ ಒಳಗೆ ಬಂದಿದ್ದಕ್ಕೆ ಏನಾಯ್ತು ಅಂತ ಅವ್ರಿಗೆ ನೆನಪಿರ್ತದೆ. ಒಂದ್ಸಲ ಕರೆದ್ರೆ ಸಾಲ್ದು, ಹತ್ತು ಸಲ ಕರೀಬೇಕು. ನೆಂಟರು ಒಂದೇ ಮಾತಿಗೆ ಊಟಕ್ಕೆ ಏಳ್ತಾರಾ? ಅವ್ರಿಗೆ ಕೈ ಹಿಡಿದು ಎಳೆದು ಎಬ್ಬಿಸ್ತೀವಲ್ಲ. 'ಸರ್ಕಾರ 2024ರಲ್ಲಿ ಬಸವಣ್ಣನವರನ್ನ ಸಾಂಸ್ಕೃತಿಕ ನಾಯಕ ಅಂತ ಘೋಷಣೆ ಮಾಡೈತೆ, ಕಾಲ ಬದಲಾಗ್ತಾ ಐತೆ' ಅನ್ನೋರೂ ಸಿಕ್ಕಿದ್ರು. ಒಳ್ಳೇದೇ. ಆಫೀಸಿನ ಗೋಡೆ ಮೇಲೆ ಪಟ ಬಂತು. ಮನೆ ಗೋಡೆ ಹಿಂದೆ ಏನ್ ಸಿಗಿಸಿದೀವಿ ಅಂತ ಪಟ ನೋಡಾಕಾಗಲ್ಲ.

ಮಕ್ಕಳಿಗೆ ಭರತನಾಟ್ಯ ಕಲಿಸಿ, ಸಂಗೀತ ಕಲಿಸಿ, ಹಾಲು ಅಂತ್ಲೇ ಕಲಿಸಿ, ಯಾರ್ ಬ್ಯಾಡಂದ್ರು. ಒಂದಿನ ಮೋರಿ ಕ್ಲೀನ್ ಮಾಡೋರು ಮನೆ ಹತ್ರ ಬಂದಾಗ ನೀವು ಅಡುಗೆಮನೆಗೆ ಹೋಗ್ದೆ ಆಚೇನೇ ಕೂತ್ಕೊಂಡು, ಮಗು, ಇವರಿಗೆ ಕುಡಿಯೋಕೆ ನೀರು ತಂದ್ಕೊಡಪ್ಪ ಅಂತ ಹೇಳಿ. ಅದು ಯಾವ ಲೋಟದಲ್ಲಿ ತರ್ತದೆ ನೋಡಿ.