ಎಲ್ಲಾ ಹಿಡೀರಿ ಅಂದೋರೇ ಬಾಗಿಲು ಹಾಕಿದ್ರೆ?

ಪೋಕೆಮಾನ್ ಆಟ 1996ರಲ್ಲಿ ಜಪಾನಿನಲ್ಲಿ ಶುರುವಾದಾಗ ಇದ್ದದ್ದು 151 ಜೀವಿಗಳು. 2019ಕ್ಕೆ 800 ದಾಟಿತ್ತು. ಆ ಜೂನ್‌ನಲ್ಲಿ ನಿರ್ಮಾಪಕ ಜುನಿಚಿ ಮಸುದಾ, ಹೊಸ ‘ಸ್ವೋರ್ಡ್’, ‘ಶೀಲ್ಡ್’ ಆಟಗಳಿಗೆ ಹಳೆಯವನ್ನೆಲ್ಲ ತರೋಕಾಗಲ್ಲ ಅಂದುಬಿಟ್ಟರು. ಅಭಿಮಾನಿಗಳು ಕೆಂಡವಾದರು.

ನಾನೂ ಕೋಡ್ ಬರೆಯೋನೇ. ಅಷ್ಟೂ ಜೀವಿಗಳಿಗೆ ಚಲನೆ ಕೊಟ್ಟು, ಬಲಾಬಲ ಸರಿದೂಗಿಸೋ ಕಷ್ಟ ಅರ್ಥವಾಗತ್ತೆ. ಆದ್ರೆ 2002ರ ‘ರೂಬಿ’ಯಲ್ಲಿ ಸಾಕಿದ್ದನ್ನ ಆಟದಿಂದ ಆಟಕ್ಕೆ ಜೋಪಾನವಾಗಿ ದಾಟಿಸಿಕೊಂಡು ಬಂದವನಿಗೆ ಅದು ಬರೀ ಡೇಟಾ ಅಲ್ಲ ಸ್ವಾಮಿ, ಹದಿನೇಳು ವರ್ಷದ ಒಡನಾಟ! ಎಲ್ಲಾ ಹಿಡೀರಿ ಅಂತ ಆಸೆ ಹುಟ್ಟಿಸಿದ್ದು ಅವರೇ ತಾನೇ? ಹೊಸ ಮನೆಗೆ ಹೋಗುವಾಗ ಕೊಟ್ಟಿಗೆಯ ಹಸು ಬಿಟ್ಟು ಬಾ ಅಂದಹಾಗಾಯ್ತು.

ಆಟ ಮಾಡಿದ ಕೆಲಸಗಾರರನ್ನ ಬಾಯಿಗೆ ಬಂದಂತೆ ಬೈದದ್ದು ತಪ್ಪು. ಆದ್ರೆ ಸಿಟ್ಟು ಬಂದದ್ದು ತಪ್ಪಲ್ಲ... ನೀವೇನಂತೀರಿ?