ಉದ್ದನೆಯ ಮಸೂರ ಏಕೆ ಬಂದಿತು?



ಕಳೆದ ಬೇಸಿಗೆಯಲ್ಲಿ ಹಳೆಯ ಶಿಷ್ಯನೊಬ್ಬನು ಕಬಿನಿ ಹಿನ್ನೀರಿನ ಬಳಿ ತೆಗೆದ ಆನೆಯ ಚಿತ್ರವನ್ನು ಕಳುಹಿಸಿ, "ಸಾರ್, ನಮ್ಮ ಜೀಪು ಹತ್ತೇ ಮೀಟರ್ ದೂರದಲ್ಲಿತ್ತು" ಎಂದು ಹೆಮ್ಮೆಯಿಂದ ಬರೆದಿದ್ದನು. ಚಿತ್ರ ಸೊಗಸಾಗಿತ್ತು. ಆದರೆ ಆನೆಯು ತಲೆಯೆತ್ತಿ, ಕಿವಿಗಳನ್ನು ಅಗಲಿಸಿ ನಿಂತಿತ್ತು. ಅದು ಚಿತ್ರಕ್ಕೆ ಕೊಟ್ಟ ಭಂಗಿಯಲ್ಲ, ನಮಗೆ ಕೊಟ್ಟ ಎಚ್ಚರಿಕೆ. ಆ ಹೆಮ್ಮೆಯನ್ನು ನಾನು ಒಪ್ಪಲಾರೆ.

ಫಿಲ್ಮ್ ಎಸ್‌ಎಲ್‌ಆರ್ ಕ್ಯಾಮೆರಾಗಳ ಒಂದು ದಶಕವನ್ನು ನೆನೆಯೋಣ. 1985ರಲ್ಲಿ ಮಿನೋಲ್ಟಾ 7000 ಬಂದಿತು. ಕೈಯಿಂದ ಮಸೂರವನ್ನು ತಿರುಗಿಸುವ ಕೆಲಸವನ್ನು ಕ್ಯಾಮೆರಾದೊಳಗಿನ ಮೋಟಾರು ವಹಿಸಿಕೊಂಡಿತು. 1987ರಲ್ಲಿ ಕ್ಯಾನನ್ ತನ್ನ ಹಳೆಯ ಎಫ್‌ಡಿ ಮಸೂರಗಳು ಕೂರದ ಹೊಸ ಜೋಡಣೆಯೊಡನೆ ಇಓಎಸ್ 650 ಅನ್ನು ತಂದು, ಮೋಟಾರನ್ನು ಮಸೂರದೊಳಗೇ ಇರಿಸಿತು. ನಿಕಾನ್ 1959ರ ತನ್ನ ಜೋಡಣೆಯನ್ನು ಬಿಡದೆಯೇ 1988ರಲ್ಲಿ ಎಫ್4 ಅನ್ನು ಹೊರತಂದಿತು. 1987ರಲ್ಲಿಯೇ ಕ್ಯಾನನ್ನಿನ 300 ಮಿ.ಮೀ. ಮಸೂರಕ್ಕೆ ಅಲ್ಟ್ರಾಸಾನಿಕ್ ಮೋಟಾರು ಬಂದು ಫೋಕಸಿನ ಸದ್ದಡಗಿತು. 1995ರಲ್ಲಿ ಕೈನಡುಕವನ್ನು ತಾನೇ ಸರಿದೂಗಿಸುವ 75–300 ಮಿ.ಮೀ. ಮಸೂರವೂ ಬಂದಿತು.

ತರಗತಿಯಲ್ಲಿ ಮಾಡಿದ ಲೆಕ್ಕವನ್ನು ಮರೆತಿಲ್ಲ ತಾನೆ? 50 ಮಿ.ಮೀ. ಮಸೂರದಲ್ಲಿ 10 ಮೀಟರ್ ದೂರದಿಂದ ಆನೆ ಎಷ್ಟು ದೊಡ್ಡದಾಗಿ ಮೂಡುವುದೋ, 300 ಮಿ.ಮೀ. ಮಸೂರದಲ್ಲಿ 60 ಮೀಟರ್ ದೂರದಿಂದ ಸುಮಾರು ಅಷ್ಟೇ ದೊಡ್ಡದಾಗಿ ಮೂಡುವುದು. ದೂರ, ಮೌನ, ಸ್ಥಿರತೆ: ಆ ಹತ್ತು ವರ್ಷಗಳು ನಮಗೆ ಕೊಟ್ಟದ್ದು ಇವನ್ನೇ. ಇವೆಲ್ಲ ಕೈಯಲ್ಲಿದ್ದೂ ಜೀಪನ್ನು ಇನ್ನೂ ಮುಂದಕ್ಕೆ ನೂಕಿಸುವುದು, ಕನ್ನಡಕ ಧರಿಸಿಯೂ ಪುಸ್ತಕವನ್ನು ಮೂಗಿಗೆ ಒತ್ತಿಕೊಂಡಂತೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. 1990ರ ಸುಮಾರಿಗೆ, ಎರವಲು ತಂದ 50 ಮಿ.ಮೀ. ಮಸೂರದ ಕ್ಯಾಮೆರಾ ಹಿಡಿದು, ಎಚ್.ಡಿ. ಕೋಟೆ ತಾಲ್ಲೂಕಿನ ಹಿನ್ನೀರಿನ ದಡದಲ್ಲಿ ಆನೆಗಳತ್ತ ನಡೆದೇಬಿಟ್ಟೆ. ತಾಯಾನೆಯೊಂದು ಮರಿಯನ್ನು ಮರೆಮಾಡಿ ನನ್ನತ್ತ ತಿರುಗಿತು. ಜೊತೆಗಿದ್ದ ಊರಿನವರು ಅಂಗಿ ಹಿಡಿದು ಹಿಂದಕ್ಕೆಳೆದರು. ತೊಳೆಸಿದ ಫಿಲ್ಮಿನಲ್ಲಿ ಕಂಡದ್ದು ಧೂಳು ಮಾತ್ರ. ನನ್ನ ಬಳಿ ಉದ್ದನೆಯ ಮಸೂರವಿರಲಿಲ್ಲ ಎಂಬುದು ನೆಪವಾಗಲಾರದು.

"ಇಂತಹ ಚಿತ್ರಗಳಿಂದಲೇ ಜನರಿಗೆ ಕಾಡಿನ ಮೇಲೆ ಪ್ರೀತಿ ಹುಟ್ಟುವುದು" ಎನ್ನುವಿರಿ. ನಿಜ. ಆದರೆ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಆಟೋಫೋಕಸ್ ಬರುವುದಕ್ಕೆ ಮೊದಲೇ ಆ ಪ್ರೀತಿಯನ್ನು ಹುಟ್ಟಿಸಿದ್ದರು. "ನಮ್ಮಲ್ಲಿರುವುದು ಮೊಬೈಲು ಮಾತ್ರ" ಎನ್ನುವಿರಿ. ಹಾಗಾದರೆ ಆನೆ ಚಿಕ್ಕದಾಗಿಯೇ ಮೂಡಲಿ. ಸುತ್ತಲಿನ ನೀರೂ ಕಾಡೂ ಕಾಣಲಿ.

ಇನ್ನೊಂದು ಮಾತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಕಾಡಂಚಿನಲ್ಲಿ ನಿಮ್ಮ ಸಹಪಾಠಿಗಳೇ ಬೇಸಾಯ ಮಾಡುತ್ತಿದ್ದಾರೆ. ಹಗಲು ನಾವು ಕೆರಳಿಸಿ ಬಂದ ಆನೆ ರಾತ್ರಿ ಯಾರ ಹೊಲಕ್ಕೆ ಇಳಿಯುವುದೋ ಬಲ್ಲವರಾರು? ಹೊಲ ಕಾಯುವವನಿಗೆ ಜೀಪಿಲ್ಲ, ಟಾರ್ಚು ಮಾತ್ರ.

ಮುಂದಿನ ಸಲ ಚಿತ್ರ ಕಳುಹಿಸುವಾಗ ಎಷ್ಟು ಹತ್ತಿರ ಹೋದಿರಿ ಎಂದು ಬರೆಯಬೇಡಿ. ಎಷ್ಟು ದೂರದಲ್ಲಿ ನಿಂತಿರಿ ಎಂದು ಬರೆಯಿರಿ. ಅಂಕ ಕೊಡುವುದು ಅದಕ್ಕೇ.